ಇಪ್ಪತ್ತೇಳು ಕಾಗದ ಎಲ್ಲಿ ಹೋದವು?

ಮಕ್ಕಳೇ, ನಿಮ್ಮ ಮನೆಯ ಅಟ್ಟದ ಮೇಲೆ ಏನೇನಿದೆ ಅಂತ ಯಾವತ್ತಾದರೂ ನೋಡಿದ್ದೀರಾ? ನಮ್ಮ ಅಟ್ಟದಲ್ಲಿ ಒಂದು ಹಿತ್ತಾಳೆ ಹಂಡೆ, ಕಾಲು ಮುರಿದ ತೊಟ್ಟಿಲು, ಹಳೇ ಸೀರೆಯಲ್ಲಿ ಸುತ್ತಿಟ್ಟ ಒಂದು ಕಂಪ್ಯೂಟರ್ ಇವೆ. ದಸರಾ ರಜೆಗೆ ಮೊಮ್ಮಗಳು ಬಂದಾಗ ಇಬ್ಬರೂ ಸೇರಿ ಆ ಕಂಪ್ಯೂಟರನ್ನು ಕೆಳಗಿಳಿಸಿದೆವು. ಅದಕ್ಕೆ ಕಾರಣ ಸಾರಿನ ಪುಡಿ!

ಪರದೇಶದಲ್ಲಿರುವ ಮಗಳು ಫೋನ್ ಮಾಡಿದ್ದಳು. "ಅಪ್ಪ, ಅಮ್ಮ ಬರೆದು ಕಳಿಸಿದ್ದ ಸಾರಿನ ಪುಡಿ ಅಳತೆ ನಿಮ್ಮ ಹತ್ತಿರ ಇದೆಯಾ? ನನ್ನ ಹಳೇ ಆಫೀಸಿನ ವಿಳಾಸಕ್ಕೆ ಬಂದಿತ್ತು. ಆ ಕೆಲಸ ಬಿಟ್ಟಾಗ ಪತ್ರಗಳೂ ಹೋದವು" ಎಂದಳು. ಅವಳಮ್ಮ ತೀರಿಕೊಂಡು ಆರು ವರ್ಷವಾಯಿತು. ಅವಳು ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದ ಇ-ಮೇಲ್‌ಗಳೆಲ್ಲ ಇದ್ದರೆ ಆ ಸೀರೆಯ ಗಂಟಿನಲ್ಲೇ ಇರಬೇಕು.

"ಮೇಲ್ ಇಂಟರ್ನೆಟ್‌ನಲ್ಲೇ ಇರುತ್ತಲ್ಲ ತಾತ?" ಎಂದು ಮೊಮ್ಮಗಳು ಕೇಳಿದಳು. ಈಗ ಹಾಗೆ. ಆಗ ಬೇರೆ. ನಾವು ಬಳಸುತ್ತಿದ್ದದ್ದು ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಪ್ರೋಗ್ರಾಂ. ಅದು ಪೋಸ್ಟ್‌ಮ್ಯಾನ್ ಇದ್ದ ಹಾಗೆ: ಕಾಗದವನ್ನು ತಂದು ಮನೆಗೆ ಹಾಕುತ್ತಿತ್ತು. ಪ್ರತಿ ಇಟ್ಟುಕೋ ಎಂದು ನಾವು ಹೇಳದಿದ್ದರೆ ಅಂಚೆ ಕಚೇರಿಯಲ್ಲಿ ಏನೂ ಉಳಿಯುತ್ತಿರಲಿಲ್ಲ. ನಾವಂತೂ ಹೇಳಿರಲಿಲ್ಲ.

ಆ ಪ್ರೋಗ್ರಾಂ ಒಂದೊಂದು ಪೆಟ್ಟಿಗೆಯ ಪತ್ರಗಳನ್ನೂ ಒಂದೇ ಕಡತದಲ್ಲಿ ಸೇರಿಸಿ ಹೊಲಿದುಬಿಡುತ್ತದೆ. ಬಂದ ಪತ್ರಗಳಿಗೆ ಒಂದು ಕಡತ, ಕಳಿಸಿದ್ದಕ್ಕೆ ಇನ್ನೊಂದು. ಕಡತದ ಹೆಸರಿನ ಕೊನೆಗೆ 'ಡಿಬಿಎಕ್ಸ್' ಎಂದಿರುತ್ತದೆ. ವಿಂಡೋಸ್ ಎಕ್ಸ್‌ಪಿಯ ನಂತರ ಬಂದ ವಿಂಡೋಸ್‌ಗಳಲ್ಲಿ ಈ ಪ್ರೋಗ್ರಾಂ ಇಲ್ಲ. ಎಕ್ಸ್‌ಪಿಗೆ ಸಿಗುತ್ತಿದ್ದ ಬೆಂಬಲವೂ 2014ರ ಏಪ್ರಿಲ್‌ನಲ್ಲಿ ನಿಂತಿತು. ಬೀಗ ಉಳಿದಿದೆ, ಬೀಗದ ಕೈ ಮಾಡುವವರು ಅಂಗಡಿ ಮುಚ್ಚಿದ್ದಾರೆ.

ಗುಂಡಿ ಒತ್ತಿದಾಗ ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿಕೊಂಡು ಕಂಪ್ಯೂಟರ್ ಎದ್ದಿತು. ಒಳಗಿನ ಪುಟ್ಟ ಬ್ಯಾಟರಿ ಸತ್ತಿದ್ದರಿಂದ ಅದರ ಪ್ರಕಾರ ಅವತ್ತು 2002ರ ಜನವರಿ 1! ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. "ತಾತ, ನಾನಿನ್ನೂ ಹುಟ್ಟೇ ಇಲ್ಲ!"

ಇಂಥ ಹಳೇ ಯಂತ್ರಕ್ಕೆ ಇಂಟರ್ನೆಟ್ ಜೋಡಿಸಬಾರದು. ನಾವೂ ಜೋಡಿಸಲಿಲ್ಲ. ಮೊದಲು ಕಡತಗಳನ್ನು ಇದ್ದ ಹಾಗೇ ಪೆನ್ ಡ್ರೈವ್‌ಗೆ ಪ್ರತಿ ಮಾಡಿಕೊಂಡೆವು. ಮೂಲ ದಾಖಲೆಯ ಮೇಲೆ ಕೈಯಾಡಿಸಬಾರದು ಎನ್ನುವುದು ಬ್ಯಾಂಕಿನಲ್ಲಿ ಕಲಿತ ಮೊದಲ ಪಾಠ. ಆಮೇಲೆ ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದು, 'ಕಳಿಸಿದ ಪತ್ರಗಳು' ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಆಯ್ದುಕೊಂಡು, ಮೌಸ್‌ನಿಂದ ಎಳೆದು ಒಂದು ಖಾಲಿ ಫೋಲ್ಡರ್‌ಗೆ ಬಿಟ್ಟೆವು. ಹೊಲಿಗೆ ಬಿಚ್ಚಿದ ಹಾಗೆ ಪ್ರತಿಯೊಂದು ಪತ್ರವೂ ಬೇರೆ ಬೇರೆ ಕಡತವಾಗಿ ಬಂತು. ಇವುಗಳ ಹೆಸರಿನ ಕೊನೆಗೆ 'ಇಎಂಎಲ್' ಎಂದಿರುತ್ತದೆ. ಯಾರಿಂದ, ಯಾರಿಗೆ, ಯಾವತ್ತು ಎಂಬುದೆಲ್ಲ ಅದರೊಳಗೇ ಇರುವುದರಿಂದ ಗಡಿಯಾರ ಕೆಟ್ಟಿದ್ದರೂ ಪತ್ರದ ತಾರೀಖು ಕೆಡುವುದಿಲ್ಲ. ಇದನ್ನು ಓದಬಲ್ಲ ಪ್ರೋಗ್ರಾಂಗಳು ಇವತ್ತಿಗೂ ಹಲವಾರಿವೆ. ಉಚಿತವಾಗಿ ಸಿಗುವ ಥಂಡರ್‌ಬರ್ಡ್ ಸಾಕು.

ಈಗ ಲೆಕ್ಕ. ಹಳೇ ಕಂಪ್ಯೂಟರಿನ ಪರದೆಯ ತಳದಲ್ಲಿ ಪತ್ರಗಳ ಸಂಖ್ಯೆ ಇತ್ತು. ನಾನು ಚೀಟಿಯಲ್ಲಿ 1,452 ಎಂದು ಬರೆದುಕೊಂಡಿದ್ದೆ. ಮೊಮ್ಮಗಳು ಹೊಸ ಲ್ಯಾಪ್‌ಟಾಪ್ ನೋಡಿ ಕೂಗಿದಳು: "ತಾತ, ಇಲ್ಲಿ 1,425 ಇದೆ. ಅಜ್ಜಿಯ ಇಪ್ಪತ್ತೇಳು ಕಾಗದ ಕಳೆದುಹೋಯ್ತು!"

ನನ್ನ ಎದೆ ಧಸಕ್ಕೆಂದಿತು. ಸಾರಿನ ಪುಡಿ ಆ ಇಪ್ಪತ್ತೇಳರಲ್ಲೇ ಇದ್ದರೆ? ಅಷ್ಟರಲ್ಲಿ ಹಳೇ ಗುಮಾಸ್ತ ಎಚ್ಚರಾದ. 27 ಅಂದರೆ ಮೂರೊಂಬತ್ತಲವೆ?

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದೆವು. ಶೇಷ ಉಳಿಯದಿದ್ದರೆ ಯಾರೋ ಅಂಕಿಗಳನ್ನು ಹಿಂದುಮುಂದು ಬರೆದಿರಬಹುದು ಅಂತ ಅನುಮಾನ. 52 ಅಂದರೆ ಐದು ಹತ್ತು, ಎರಡು ಒಂದು. ಅದನ್ನು 25 ಮಾಡಿದರೆ 5 ಹತ್ತರ ಮನೆಯಿಂದ ಬಿಡಿಯ ಮನೆಗೆ ಇಳಿದು ಐದೊಂಬತ್ತಲ ಕಳೆದುಕೊಳ್ಳುತ್ತದೆ. 2 ಮೇಲೇರಿ ಎರಡೊಂಬತ್ತಲ ಗಳಿಸುತ್ತದೆ. ಉಳಿಯುವ ವ್ಯತ್ಯಾಸ ಮೂರೊಂಬತ್ತಲ. ಯಾವ ಎರಡು ಅಂಕಿ ಅದಲುಬದಲಾದರೂ ಹೀಗೇ.

ಆದರೆ ಅನುಮಾನವೇ ಸಾಕ್ಷಿಯಲ್ಲ. ಹಳೇ ಪರದೆಯನ್ನು ಮತ್ತೆ ನೋಡಿದೆವು. ಅಲ್ಲೂ 1,425! ತಪ್ಪು ಯಂತ್ರದ್ದಲ್ಲ, ಎಪ್ಪತ್ತು ದಾಟಿದ ನನ್ನ ಕಣ್ಣಿನದು. ಮೊಮ್ಮಗಳು ನನ್ನ ಚೀಟಿಯನ್ನು ಕೆಂಪು ಪೆನ್ನಲ್ಲಿ ತಿದ್ದಿ ಸೊನ್ನೆ ಅಂಕ ಕೊಟ್ಟಳು.

ಸಾರಿನ ಪುಡಿಯ ಕಾಗದ ಸಿಕ್ಕಿತು. ಅದರ ಜೊತೆಗಿದ್ದ ಕಡತ ತೆರೆದರೆ ಇಂಗ್ಲಿಷ್ ಅಕ್ಷರ, ಟೋಪಿ ಹಾಕಿಕೊಂಡ ಅಕ್ಷರ, ಚುಕ್ಕೆ, ಗೆರೆ! ಆಗಿನ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದಿದ್ದರೆ ವೇಷ ಕಳಚಿ ಇಂಗ್ಲಿಷ್ ಅಕ್ಷರವೇ ಕಾಣುತ್ತದೆ. ಈಗ ಯೂನಿಕೋಡ್ ಇದೆ. ಕನ್ನಡಕ್ಕೇ ಮೀಸಲಾದ 128 ಮನೆಗಳಿವೆ. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ 'ಬರಹ', 'ನುಡಿ'ಗಳಲ್ಲಿದೆ. ಬದಲಿಸಿದೆವು. ಒಂದೆರಡು ಒತ್ತಕ್ಷರ ಸೊಟ್ಟಗಾಯಿತು, ಅಷ್ಟೆ.

ಮೊಮ್ಮಗಳು ಗಟ್ಟಿಯಾಗಿ ಓದಿದಳು. ಧನಿಯ ಇಷ್ಟು, ಮೆಂತ್ಯ ಇಷ್ಟು, ಜೀರಿಗೆ ಇಷ್ಟು. ಕೊನೆಗೆ ಒಂದು ಸಾಲು: "ಮೆಣಸಿನಕಾಯಿ ಎಷ್ಟು ಅಂತ ನಿಮ್ಮಪ್ಪನ್ನ ಕೇಳಬೇಡ. ಅವರಿಗೆ ಲೆಕ್ಕ ಬರುತ್ತೆ, ಖಾರ ಗೊತ್ತಾಗಲ್ಲ."

ನಾನು ಕನ್ನಡಕ ಒರೆಸಿಕೊಂಡೆ. ಮೊಮ್ಮಗಳು ಚೀಟಿ ನೋಡಿ, "ಲೆಕ್ಕವೂ ಬರಲ್ಲ ಅಂತ ಅಜ್ಜಿಗೆ ಗೊತ್ತೇ ಇರಲಿಲ್ಲ" ಎಂದಳು.

ಈಗ ಆ 1,425 ಪತ್ರಗಳ ಒಂದು ಪ್ರತಿ ಮಗಳ ಹತ್ತಿರ, ಒಂದು ಮಗನ ಹತ್ತಿರ, ಒಂದು ನನ್ನ ಬೀರುವಿನಲ್ಲಿದೆ.

ಈ ವಾರದ ಕೆಲಸ: ಅಜ್ಜ ಅಜ್ಜಿಯ ಜೊತೆ ಕೂತು, ಮನೆಯ ಹಳೇ ಕಂಪ್ಯೂಟರ್, ಹಳೇ ಫೋನ್‌ಗಳಲ್ಲಿ ಯಾರ ಕಾಗದ ಉಳಿದಿದೆ ನೋಡಿ. ಯಂತ್ರ ಏಳುತ್ತಿರುವಾಗಲೇ ಪ್ರತಿ ತೆಗೆಯಿರಿ. ಎಣಿಸಿ. ಎಣಿಸಿದ್ದನ್ನು ಇನ್ನೊಬ್ಬರ ಕೈಲಿ ಇನ್ನೊಮ್ಮೆ ಎಣಿಸಿ.