ಮನಿ ಒಪ್ಪ ಮಾಡ್ಲಾಕೂ ಡಿಗ್ರಿ ಬೇಕೇನ್ರಿ?

ಕಮಲಾಪುರದಾಗ ನಮ್ಮ ನಾದಿನಿ ಮಗಳು ಈ ವರ್ಷ ಆರ್ಟ್ಸ್ ಪಿಯುಸಿ ಪಾಸಾಗ್ಯಾಳ. ಇಂಟೀರಿಯರ್ ಡಿಸೈನ್ ಕಲೀತೀನಿ ಅಂತ ಹಟ ಹಿಡದಾಳ. ಮನ್ಯಾಗ ಹಿರೇರು ಒಪ್ಪವಲ್ಲರು. "ಮನಿ ಒಪ್ಪ ಮಾಡೋದು ಹೆಣ್ಮಕ್ಕಳಿಗಿ ತಾನ ಬರ್ತದ. ಅದಕ್ಕ ರೊಕ್ಕ ಕಟ್ಟಿ ಓದೋದು ಏನದ? ಸುಮ್ನ ಬಿ.ಎ., ಬಿ.ಇಡಿ. ಮಾಡು" ಅಂತಾರ. ಅಕ್ಕಾರೇ, ತಂಗ್ಯಾರೇ, ನನಗ ಹಂಗ ಅನಸಂಗಿಲ್ಲ. ಯಾಕ ಅಂತ ಹೇಳ್ತೀನಿ ಕೇಳ್ರಿ.

ಇಂಟೀರಿಯರ್ ಅಂದ್ರ ಪರದೆ, ಸೋಫಾ, ಗೋಡಿ ಬಣ್ಣ ಅಂತ ನಾವು ತಿಳಕೊಂಡೀವಿ. ಅದು ಕೊನಿ ಕೆಲಸ. ಮೊದಲ ಅಳತಿ, ಬೆಳಕು, ಗಾಳಿ, ಕರೆಂಟಿನ ವೈರು, ನೀರಿನ ಪೈಪು, ಸಾಮಾನಿನ ಗುಣ, ಖರ್ಚಿನ ಲೆಕ್ಕ ಕಲಿಸ್ತಾರ.

ಅಡಗಿ ಕಟ್ಟೀನೇ ನೋಡ್ರಿ. ನಮ್ಮ ಅವ್ವಂದಿರು ಕುಂತು ರೊಟ್ಟಿ ಬಡೀತಿದ್ರು. ಈಗ ಕಲಬುರಗಿ ಹೊಸ ಮನಿಗಳಾಗ ಎಲ್ಲಾ ನಿಂತ ಅಡಗಿ. ಕಟ್ಟಿ ಎಷ್ಟು ಎತ್ತರ ಇರಬೇಕು ಅಂತ ಹೇಳಾಂವ ಯಾರು? ಗೌಂಡಿ. ಅಂವಗ ರೊಟ್ಟಿ ಬಡದು ಗೊತ್ತಿಲ್ಲ. ಓದಿದವರ ಲೆಕ್ಕ ಹಿಂಗದ: ಕಾಯಿಪಲ್ಯ ಹೆಚ್ಚೋ ಕಟ್ಟಿ ನಿಂತಾಕಿ ಮೊಳಕೈಗಿಂತ 4-6 ಇಂಚು ಕೆಳಗ ಇರಬೇಕು. ಹಿಟ್ಟು ನಾದೋದು, ರೊಟ್ಟಿ ಬಡಿಯೋದು ಭಾರ ಹಾಕೋ ಕೆಲಸ, ಅದಕ್ಕ ಇನ್ನೂ ಕೆಳಗ ಬೇಕು. ಒಂದೇ ಎತ್ತರದ ಕಟ್ಟಿಮ್ಯಾಲ ಎಲ್ಲಾ ಮಾಡಿದ್ರ ಭುಜ ಎತ್ತೆತ್ತಿ ಬಡೀಬೇಕು. ನಮ್ಮ ಓಣ್ಯಾಗ ಎಷ್ಟು ಮಂದಿ ಭುಜ ಹಿಡದದ ಅಂತ ಅಂತಾರ, ನೀವೇ ಎಣಸ್ರಿ.

ಬಿಸಲಿಂದು ನೋಡ್ರಿ. ನಮ್ಮಲ್ಲಿ ಮೇ ತಿಂಗಳದಾಗ 42-43 ಡಿಗ್ರಿ ದಾಟ್ತದ. ಹಳೀ ಮನಿಗಿ ದಪ್ಪ ಕಲ್ಲಿನ ಗೋಡಿ, ಮಣ್ಣಿನ ಮಾಳಗಿ, ಮ್ಯಾಲ ಬೆಳಕಿಂಡಿ, ಕೆಳಗ ಶಹಾಬಾದ ಪರಸಿ ಇರ್ತಿತ್ತು. ಮಧ್ಯಾಹ್ನ ಬರೇ ಪರಸಿಮ್ಯಾಲ ಮಲಗಿದ್ರ ನಿದ್ದಿ ಬರ್ತಿತ್ತು. ಈಗ ಪಡುವಣ ಕಡಿ ದೊಡ್ಡ ಗಾಜಿನ ಕಿಡಕಿ, ಕಾಲು ಜಾರೋ ಟೈಲ್ಸು, ಮೊಬೈಲಿನಾಗ ನೋಡಿದ ಫಾಲ್ಸ್ ಸೀಲಿಂಗು. ಆಮ್ಯಾಲ ಎಸಿ ಬಿಲ್ಲು ನೋಡಿ ಎದಿ ಒಡಕೋತೀವಿ. ನಮ್ಮ ಮನಿ ಹೆಣ್ಣು ಹುಡಿಗಿ ಇದನ್ನ ಕಲಿತಳಂದ್ರ ಸೂರ್ಯ ಯಾ ಕಡಿ ಇಳೀತಾನ, ಮುದುಕರು ಬಚ್ಚಲಕ್ಕ ಹೋದ್ರ ಏನು ಹಿಡಕೋತಾರ ಅಂತ ಮೊದಲ ಕೇಳ್ತಾಳ.

ಇದೆಲ್ಲಾ ನಮಗೂ ಗೊತ್ತದ ಅಂತೀರಿ. ಗೊತ್ತದ, ಖರೆ. ಆದ್ರ ನಾವು ಬಾಯಿಲೇ ಹೇಳಿದ್ರ ಗೌಂಡಿ ಕೇಳಂಗಿಲ್ಲ, ಮನಿ ಗಂಡಸರೂ ಕೇಳಂಗಿಲ್ಲ. ಅದನ್ನೇ ಅಳತಿ ಹಚ್ಚಿ, ನಕ್ಷೆ ತಗದು, ಖರ್ಚು ಬರದು ಕೊಟ್ಟಾಕಿಗಿ ಮಾತೂ ನಡೀತದ, ಸಂಬಳಾನೂ ಬರ್ತದ. ಡಿಗ್ರಿ ಬೇಕಾಗೋದು ಅಲ್ಲಿ.

ಹಿರೇರ ಅಂಜಿಕಿನೂ ಸುಳ್ಳಲ್ಲ. ಆರ್ಕಿಟೆಕ್ಟ್ ಅಂತ ಹೆಸರು ಹಚ್ಕೊಳ್ಳಲಾಕ 1972ರ ಕಾಯ್ದೆ ಪ್ರಕಾರ ನೋಂದಣಿ ಬೇಕು. ಇಂಟೀರಿಯರ್ ಡಿಸೈನರ್ ಅನ್ನಲಾಕ ಹಂತಾ ಕಾಯ್ದೆ ಇಲ್ಲ. ಮೂರು ತಿಂಗಳು ಕಲಿತಾರೂ ಬೋರ್ಡ್ ಹಾಕ್ತಾರ. ಹಂಗಂತ ಓದು ಬ್ಯಾಡ ಅನ್ನಬಾರದು, ಓದು ಗಟ್ಟಿ ಇರಬೇಕು. ಫೀ ಕಟ್ಟೋಕಿಂತ ಮೊದಲ ತಾಯಂದಿರೇ ಹೋಗಿ ಕೇಳ್ರಿ. ಇದು ಯುಜಿಸಿ ಒಪ್ಪಿದ ಯೂನಿವರ್ಸಿಟಿ ಡಿಗ್ರಿನೋ, ಬರೇ ಸರ್ಟಿಫಿಕೇಟೋ? ಮೂರು ವರ್ಷದ ಬಿ.ಎಸ್ಸಿ.ನೋ, ನಾಕು ವರ್ಷದ ಬಿ.ಡಿಸೈನೋ? ಕಟಿಗಿ ಕೆಲಸದ ವರ್ಕ್‌ಶಾಪ್ ಅದನೋ ಇಲ್ಲೋ? ಹೊರಗ ಕೆಲಸ ಕಲೀಲಾಕ ಕಳಸ್ತಾರೋ ಇಲ್ಲೋ? ನಮ್ಮ ಪಿಡಿಎ ಕಾಲೇಜಿನ ಬಿ.ಆರ್ಕ್. ಬ್ಯಾರೆ ಓದು, ಅದು ಐದು ವರ್ಷ, ಅದಕ್ಕ ಗಣಿತ ಬೇಕು. ಡಿಸೈನಿಗಿ ಆರ್ಟ್ಸ್ ಓದಿದವರೂ ಹೋಗಬಹುದು. ಐಐಟಿ ಬಾಂಬೆದವರು ನಡಸೋ ಯುಸೀಡ್ ಪರೀಕ್ಷಾನೂ ಆರ್ಟ್ಸ್ ಮಕ್ಕಳು ಬರೀಬಹುದು. ಅಹಮದಾಬಾದದ ಎನ್‌ಐಡಿ 1961ರಾಗ ಸುರು ಆಗ್ಯದ, ಅಲ್ಲಿ ಫರ್ನಿಚರ್ ಮತ್ತ ಇಂಟೀರಿಯರ್ ಡಿಸೈನ್ ಕಲಿಸ್ತಾರ. ಅಲ್ಲೇ ಸೆಪ್ಟ್‌ದಾಗೂ 1991ರಿಂದ ಇಂಟೀರಿಯರ್ ಡಿಸೈನಿಗಿ ಬ್ಯಾರೆ ವಿಭಾಗನೇ ಅದ. ನಮ್ಮ ಭಾಗದ 371ಜೆ ಸರ್ಟಿಫಿಕೇಟೂ ಮಾಡಿಸಿ ಇಟ್ಕೋರಿ, ನಮ್ಮ ರಾಜ್ಯದ ಸೀಟಿಗಿ ಕೆಲಸಕ್ಕ ಬರ್ತದ.

ರೊಕ್ಕದ ಮಾತು ಬಂದ್ರ ಒಂದು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಮಗಳ ಲಗ್ನದಾಗ ಒಂದು ದಿನದ ಸ್ಟೇಜ್ ಡೆಕೋರೇಶನ್‌ಗಿ ಕೇಳಿದಷ್ಟು ಕೊಡ್ತೀವಿ, ಮರುದಿನ ಹೂವು ತಿಪ್ಪಿಗಿ ಹೋಗ್ತಾವ. ಅದೇ ಮಗಳ ಫೀ ಅಂದ್ರ ಕೈ ಹಿಂದ ಸರೀತದ. ಬಿ.ಇಡಿ. ಮಾಡಿದವರಿಗೆಲ್ಲಾ ನೌಕರಿ ಸಿಕ್ಕದೇನು? ಈ ಸಲ ಅಡ್ಮಿಶನ್ ಮಾತು ಬಂದಾಗ ಹುಡಿಗಿ ಏನು ತಗದಾಳ, ಏನು ಅಳದಾಳ, ಮೊದಲ ಆಕಿ ಪುಸ್ತಕ ತಗೋರಿ, ನೋಡ್ರಿ. ಆಮ್ಯಾಲ ಬ್ಯಾಡ ಅನ್ರಿ, ಹೂಂ ಅನ್ರಿ.