ಕಲ್ಯಾಣದುರ್ಗದ ಅರ್ಕಾವತ್ತು ಎಲ್ಲಿ ಹೋಯಿತು?

ಹಿಂದೂಪುರ, ಕಲ್ಯಾಣದುರ್ಗ. ಆಂಧ್ರದ ಗಡಿಯ ಈ ಎರಡು ಊರುಗಳ ಹೆಸರನ್ನು ಕನ್ನಡದಲ್ಲಿ ಕೊಟ್ಟು, ಕೋಡ್ ಬರೆದು ಒಂದು ಮಳೆಯ ಗ್ರಾಫ್ ಮಾಡಿಸಿ ನೋಡಿ. ಪೈಥಾನ್ ಕಲಿತವರೆಲ್ಲ ಬಳಸುವ ಮ್ಯಾಟ್‌ಪ್ಲಾಟ್‌ಲಿಬ್ ಮೊದಲ ಸಲ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳನ್ನು ಸಾಲಾಗಿ ಇಟ್ಟುಕೊಡುತ್ತದೆ. ಅದರ ಜೊತೆಗೆ ಬರುವ ಡೆಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡವೇ ಇಲ್ಲ. ಸರಿ, ನೋಟೋ ಸ್ಯಾನ್ಸ್ ಕನ್ನಡ ಹಾಕಿಕೊಟ್ಟರೆ ಚೌಕ ಹೋಗಿ ಅಕ್ಷರ ಬರುತ್ತದೆ. ಹಿಂದೂಪುರ ಸ್ವಲ್ಪ ಸೊಟ್ಟಗಾದರೂ ಓದಬಹುದು. ಕಲ್ಯಾಣದುರ್ಗ ಮಾತ್ರ ಮುರಿದು ಬೀಳುತ್ತದೆ. ಲಕಾರದ ಒತ್ತಾಗಬೇಕಾದ ಯ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಗ ಅಕ್ಷರದ ಬಲಕ್ಕೆ ಬರಬೇಕಾದ ಅರ್ಕಾವತ್ತು ಕಾಣೆಯಾಗಿ ರ್ ಮತ್ತು ಗ ಬೇರೆ ಬೇರೆಯಾಗುತ್ತವೆ. ನಮ್ಮದೇ ಹೆಸರಾದ ‘ಬ್ಯಾರಿ’ಗೂ ಇದೇ ಗತಿ. ಮೊದಲ ಅಕ್ಷರದಲ್ಲೇ ಒತ್ತು ಇದೆಯಲ್ಲ!

ಇಲ್ಲಿಗೆ ಬಂದ ಹೆಚ್ಚಿನ ಮಕ್ಕಳು ಕೈಚೆಲ್ಲಿ ಹೆಸರುಗಳನ್ನು ಇಂಗ್ಲಿಷಿಗೆ ಬದಲಿಸಿಬಿಡುತ್ತಾರೆ. ಈಗ ನಮ್ಮ ಎಷ್ಟೋ ಮನೆಗಳಲ್ಲಿ ಅಂಕಿಅಂಶ, ಡೇಟಾ ಎಂದು ಓದುವ ಹುಡುಗ ಹುಡುಗಿಯರಿದ್ದಾರೆ. ಅವರೊಂದಿಗೆ ನನ್ನ ತಕರಾರು ಇಷ್ಟೇ: ಅದು ಪರಿಹಾರವಲ್ಲ, ಓದುಗರನ್ನು ಬದಲಿಸಿದ ಹಾಗೆ. ವಿದೇಶದ ಪತ್ರಿಕೆಗೆ ಕಳಿಸುವ ಪ್ರಬಂಧವಾದರೆ ಇಂಗ್ಲಿಷ್ ಇರಲಿ. ಜಮಾಅತ್‌ನ ಲೆಕ್ಕಪತ್ರ, ಶಾಲೆಯ ಫಲಿತಾಂಶ, ಲಸಿಕೆಯ ವಿವರ, ಊರಿನ ನೀರಿನ ಲೆಕ್ಕ ಇವನ್ನೆಲ್ಲ ನೋಡಬೇಕಾದವರು ಯಾರು? ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿ, ಇವತ್ತಿಗೂ ದಿನಪತ್ರಿಕೆ ಬಿಡದೆ ಓದುವ ಉಮ್ಮ ಆ ಗ್ರಾಫ್ ನೋಡಿ ಮುಖ ತಿರುಗಿಸಿದರೆ ತಪ್ಪು ಅವರದಲ್ಲ.

ತೊಂದರೆ ಎಲ್ಲಿದೆ ಎಂಬುದನ್ನು ಬೇರೆಯವರಿಗಿಂತ ನಮಗೆ ಅರ್ಥ ಮಾಡಿಕೊಳ್ಳುವುದು ಸುಲಭ. ಮದರಸದಲ್ಲಿ ಅರಬಿ ಹರ್ಫ್ ಕಲಿತವರಿಗೆಲ್ಲ ಗೊತ್ತು, ಒಂದೇ ಅಕ್ಷರಕ್ಕೆ ಪದದ ಮೊದಲಲ್ಲಿ ಒಂದು ರೂಪ, ನಡುವೆ ಇನ್ನೊಂದು, ಕೊನೆಗೆ ಮತ್ತೊಂದು. ಅಕ್ಷರಗಳನ್ನು ಬಿಡಿಬಿಡಿಯಾಗಿ ಜೋಡಿಸಿಟ್ಟರೆ ಅದು ಬರವಣಿಗೆ ಆಗುವುದಿಲ್ಲ. ಕನ್ನಡವೂ ಹಾಗೆಯೇ. ‘ಕಲ್ಯಾಣದುರ್ಗ’ ಕಂಪ್ಯೂಟರಿನೊಳಗೆ ಹನ್ನೊಂದು ಯುನಿಕೋಡ್ ಸಂಕೇತಗಳ ಸಾಲು. ಅದರಲ್ಲಿ ರಕಾರ ಮೊದಲು, ಗಕಾರ ಆಮೇಲೆ. ಕಣ್ಣಿಗೆ ಕಾಣುವಾಗ ಕ್ರಮ ತಿರುಗಬೇಕು. ಹೀಗೆ ಕೂಡಿಸಿ ತಿರುಗಿಸುವ ಕೆಲಸ ಫಾಂಟ್ ಒಂದರಿಂದಲೇ ಆಗುವುದಿಲ್ಲ, ಫಾಂಟಿನಲ್ಲಿರುವ ನಿಯಮವನ್ನು ಓದಿ ನಡೆಸುವ ಇನ್ನೊಂದು ತಂತ್ರಾಂಶ ಬೇಕು. ನಮ್ಮ ಫೋನಿನ ಬ್ರೌಸರಿನಲ್ಲಿ ಆ ಕೆಲಸ ಮಾಡುವುದು ಹೆಚ್ಚಾಗಿ ಹಾರ್ಫ್‌ಬಜ್. ಹೆಸರು ಕೇಳಿದರೇ ಗೊತ್ತಾಗುತ್ತದೆ, ಅದರಲ್ಲಿರುವುದು ನಮ್ಮ ಹರ್ಫೇ. ಪಾರಸಿಯಿಂದ ಬಂದ ಹೆಸರು. 2003ರಲ್ಲಿ ಹೊರಬಂದ ಮ್ಯಾಟ್‌ಪ್ಲಾಟ್‌ಲಿಬ್ ಬಹುಕಾಲ ಈ ಸೌಕರ್ಯವಿಲ್ಲದೆಯೇ ನಡೆಯಿತು. ಕನ್ನಡವಿರಲಿ, ಅರಬಿಯನ್ನು ಕೂಡ ಅದು ಬಿಡಿಬಿಡಿಯಾಗಿ ಚೆಲ್ಲುತ್ತಿತ್ತು. ಕೋಟಿಗಟ್ಟಲೆ ಜನ ಓದುವ ಲಿಪಿಗಳನ್ನು ಹೀಗೆ ‘ಆಮೇಲೆ ನೋಡೋಣ’ ಎಂದು ಬದಿಗಿಟ್ಟದ್ದು ನನಗಂತೂ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಹಾಗೆಂದು ದಾರಿಯೇ ಇಲ್ಲ ಎಂದಲ್ಲ. ಎಸ್‌ವಿಜಿ ಕಡತವಾಗಿ ಉಳಿಸುವ ಮೊದಲು ‘ಎಸ್‌ವಿಜಿ ಫಾಂಟ್‌ಟೈಪ್’ ಎಂಬ ಸೆಟ್ಟಿಂಗನ್ನು ‘ನನ್’ ಎಂದು ಇಟ್ಟರೆ ಅಕ್ಷರಗಳು ಗೆರೆಗಳಾಗದೆ ಅಕ್ಷರಗಳಾಗಿಯೇ ಉಳಿಯುತ್ತವೆ. ಆ ಕಡತವನ್ನು ಬ್ರೌಸರಿನಲ್ಲಿ ತೆರೆದರೆ ಒತ್ತು, ಅರ್ಕಾವತ್ತು ಎಲ್ಲ ಜಾಗಕ್ಕೆ ಬಂದಿರುತ್ತವೆ. ಅಲ್ಲಿಂದಲೇ ಪಿಡಿಎಫ್ ಆಗಿ ಪ್ರಿಂಟ್ ಕೊಟ್ಟರೆ ಫಾಂಟ್ ಕಡತದೊಳಗೇ ಸೇರಿಕೊಳ್ಳುತ್ತದೆ, ಬೇರೆಯವರ ಫೋನಿನಲ್ಲಿ ಮತ್ತೆ ಚೌಕ ಕಾಣುವ ಭಯವಿಲ್ಲ. ಎಸ್‌ವಿಜಿಯನ್ನೇ ಹಾಗೇ ಕಳಿಸಿದರೆ ಮಾತ್ರ ನೋಡುವವರ ಯಂತ್ರದಲ್ಲೂ ಕನ್ನಡ ಫಾಂಟ್ ಇರಬೇಕು. ಬ್ರೌಸರಿನ ಸುತ್ತುದಾರಿ ಬೇಡವೆನ್ನುವವರಿಗೆ ಎಂಪಿಎಲ್‌ಕೈರೋ ಎಂಬ ಇನ್ನೊಂದು ಸಾಧನ ಒತ್ತಕ್ಷರಗಳನ್ನು ನೇರವಾಗಿಯೇ ಕೂಡಿಸುತ್ತದೆ.

ಆರ್ ಬಳಸುವವರ ಪಾಡು ಇದಕ್ಕಿಂತ ಸುಖ. ಅದರ ಹಳೆಯ ಪಿಡಿಎಫ್ ಸಾಧನ ಕನ್ನಡ ಕಂಡರೆ ಬರೀ ಚುಕ್ಕಿ ಇಡುತ್ತದೆ, ಅದನ್ನು ಬಿಡಿ. ರ್‍ಯಾಗ್ ಪ್ಯಾಕೇಜು ಹಾಕಿಕೊಂಡು ಪಿಎನ್‌ಜಿ ತೆಗೆದರೆ ಸಾಕು, ಅದು ಹಾರ್ಫ್‌ಬಜ್ ಬಳಸುತ್ತದೆ. ಲಿನಕ್ಸ್‌ನಲ್ಲಿ ಕೈರೋ ಪಿಡಿಎಫ್ ಕೂಡ ನಡೆಯುತ್ತದೆ. ಸಾಮಾನ್ಯವಾಗಿ ಸಲಹೆ ಕೊಡುವ ಶೋಟೆಕ್ಸ್ಟ್ ಬೇರೆ ಭಾಷೆಗೆ ಒಳ್ಳೆಯದಿರಬಹುದು; ಅದು ಅಕ್ಷರವನ್ನು ಒಂದೊಂದಾಗಿ ಬಿಡಿಸುವುದರಿಂದ ನಮ್ಮ ಒತ್ತಕ್ಷರಕ್ಕೆ ಒದಗುವುದಿಲ್ಲ.

ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಹೆಸರುಗಳ ಕಥೆ ಬೇರೆ. ಅಲ್ಲಿ ಒಳಗಿರುವುದು ಇಂಗ್ಲಿಷಿನ ಸಂಕೇತ, ಮೇಲೆ ಕನ್ನಡದ ವೇಷ. ಫಾಂಟ್ ಬದಲಾದ ಕೂಡಲೇ ವೇಷ ಕಳಚುತ್ತದೆ. ಮೊದಲು ಯುನಿಕೋಡಿಗೆ ಬದಲಿಸಿಕೊಳ್ಳದೆ ಗ್ರಾಫಿನ ತಂಟೆಗೆ ಹೋಗುವುದೇ ಬೇಡ.

ಹಿಂದೂಪುರದ ಹೆಸರನ್ನು ನಾನು ಸುಮ್ಮನೆ ಎತ್ತಿಕೊಳ್ಳಲಿಲ್ಲ. 2022ರಲ್ಲಿ ಜಿಲ್ಲೆಗಳು ಮರುವಿಂಗಡಣೆಯಾದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯ ಸೀಮೆ ಅದು. ನಮ್ಮ ಮಂಗಳೂರಿನಲ್ಲಿ 3500 ದಾಟುತ್ತದೆ. ಶೇಂಗಾ ಬೆಳೆಯುವ ರೈತನಿಗೆ ಮಳೆಯ ಗ್ರಾಫ್ ಅಲಂಕಾರವಲ್ಲ. ಅಲ್ಲಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಇರುವವರು ಬೇಕಾದಷ್ಟಿದ್ದಾರೆ, ಒಂದೇ ಹಾಳೆಯಲ್ಲಿ ಎರಡೂ ಲಿಪಿ ಬೇಕಾಗುತ್ತದೆ. ಎರಡೂ ನೋಡಲು ಅಕ್ಕತಂಗಿಯರ ಹಾಗಿದ್ದರೂ ಯುನಿಕೋಡಿನಲ್ಲಿ ಮನೆ ಬೇರೆ ಬೇರೆ. ನೋಟೋದ ಕನ್ನಡ ಫಾಂಟಿನಲ್ಲಿ ತೆಲುಗು ಸಿಗುವುದಿಲ್ಲ, ಎರಡನ್ನೂ ಹೆಸರಿಸಿ ಕೊಡಬೇಕು. ಎರಡು ಭಾಷೆಯ ನಡುವೆ ಬದುಕುವುದು ನಮಗೆ ಹೊಸತೇ? ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು.

ಬ್ಯಾರಿ ಸಾಹಿತ್ಯ ಅಕಾಡೆಮಿ ನಮ್ಮ ಭಾಷೆಗೆ ಪ್ರತ್ಯೇಕ ಲಿಪಿಯನ್ನೂ ರೂಪಿಸಿದೆ. ಅದರ ಬಗ್ಗೆ ಅಭಿಮಾನಪಡುವವರು ಒಂದು ಮಾತು ಯೋಚಿಸಬೇಕು. 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡಿನಲ್ಲಿರುವ ಕನ್ನಡಕ್ಕೇ ಒಂದು ಗ್ರಾಫಿನಲ್ಲಿ ಇಷ್ಟು ಪರದಾಟ. ಯುನಿಕೋಡಿನಲ್ಲಿ ಸ್ಥಾನ ಸಿಗದ ಲಿಪಿ ನುಡಿಯ ಹಳೆಯ ಫಾಂಟಿನಂತೆ ವೇಷದಲ್ಲೇ ಓಡಾಡಬೇಕಾಗುತ್ತದೆ. ಆ ಅರ್ಜಿಗೆ ಬೇಕಾದ ಕೆಲಸ ಮಾಡಬಲ್ಲವರು ಈಗ ಇಂಗ್ಲಿಷಿನಲ್ಲಿ ಹೆಸರು ಹಾಕಿ ಮುಂದೆ ಹೋಗುತ್ತಿರುವ ಇದೇ ಮಕ್ಕಳು. ಸದ್ಯಕ್ಕೆ, ಗ್ರಾಫ್ ಯಾರಿಗಾದರೂ ಕಳಿಸುವ ಮೊದಲು ಅದರಲ್ಲಿ ‘ಬ್ಯಾರಿ’, ‘ಕಲ್ಯಾಣದುರ್ಗ’ ಎಂದು ಎರಡು ಪದ ಹಾಕಿ, ಮನೆಯಲ್ಲಿ ಬೇರೆ ಯಾರದಾದರೂ ಫೋನಿನಲ್ಲಿ ತೆರೆದು ನೋಡಿ.