ಮೊದಲಿಗರಾರು?

ಮುದ್ರಣಕಲೆಯ ಜನಕರು ತಾವೇ ಎಂದು ರಾಷ್ಟ್ರಗಳು ಪರಸ್ಪರ ವಾದಿಸುವದನ್ನು ಕಂಡರೆ ವಿಚಾರವಂತರಿಗೆ ಸೋಜಿಗವೂ ಖೇದವೂ ಆಗದಿರದು. ಜರ್ಮನಿಯ ಮೈಂಟ್ಸ್ ನಗರದಲ್ಲಿ 1455ರ ಸುಮಾರಿಗೆ ಗುಟೆನ್‌ಬರ್ಗನು ಬೈಬಲನ್ನು ಅಚ್ಚುಮಾಡಿದನು. ಮುದ್ರಣದ ಚರಿತ್ರೆಯು ಅಲ್ಲಿಂದಲೇ ಮೊದಲಾಯಿತೆಂದು ಯುರೋಪಿನವರು ತಲೆಮಾರುಗಳವರೆಗೆ ಜಗತ್ತಿಗೆ ಪಾಠ ಹೇಳಿದರು. ನಮ್ಮ ಶಾಲೆಗಳಲ್ಲಿಯೂ ಅದೇ ಗಿಳಿಪಾಠ ನಡೆಯಿತು.

ಸತ್ಯವು ಬೇರೆ. ಚೀನದ ಬಿ ಷೆಂಗನು 1040ರ ದಶಕದಲ್ಲಿಯೇ ಸುಟ್ಟ ಮಣ್ಣಿನ ಬಿಡಿ ಅಚ್ಚುಮೊಳೆಗಳನ್ನು ಮಾಡಿದ್ದನು. ಕೊರಿಯದ ಚೊಂಗ್‌ಜು ಪಟ್ಟಣದ ಬೌದ್ಧವಿಹಾರದಲ್ಲಿ ಲೋಹದ ಮೊಳೆಗಳಿಂದ 'ಜಿಕ್‌ಜಿ' ಎಂಬ ಗ್ರಂಥವು 1377ರಲ್ಲಿ ಅಚ್ಚಾಯಿತು. ಎಂದರೆ ಗುಟೆನ್‌ಬರ್ಗನ ಬೈಬಲಿಗಿಂತ ಸುಮಾರು 78 ವರ್ಷ ಮೊದಲು. ಯುನೆಸ್ಕೋ ಸಂಸ್ಥೆಯು ಅದನ್ನು ಜಗತ್ತಿನ ಸ್ಮೃತಿಗ್ರಂಥಗಳ ಪಟ್ಟಿಯಲ್ಲಿ ಸೇರಿಸಿದ್ದು 2001ರಲ್ಲಿ.

ಪರರ ಹಿರಿತನವನ್ನು ಮರೆಮಾಚುವದು ಅನ್ಯಾಯ, ಅದನ್ನು ತಿದ್ದಲೇಬೇಕು. ಆದರೆ ತಿದ್ದಿದ ಮೇಲೆ ಆ ಹಿರಿತನವನ್ನೇ ಕೊಂಬಾಗಿ ಮಾಡಿಕೊಂಡು ಇತರರನ್ನು ಇರಿಯಹೊರಡುವದು ಯಾವ ನ್ಯಾಯ? ಗುಟೆನ್‌ಬರ್ಗನು ಕೊರಿಯದಿಂದ ಕಲಿತನೆಂಬದಕ್ಕೆ ನೇರವಾದ ಆಧಾರವಿಲ್ಲ. ಆತನ ವಿದ್ಯೆಯಾದರೋ 1500ರೊಳಗಾಗಿ ಯುರೋಪಿನ ಇನ್ನೂರಕ್ಕೂ ಮಿಕ್ಕಿದ ಪಟ್ಟಣಗಳನ್ನು ಹೊಕ್ಕಿತು. ಮೊದಲು ಮಾಡಿದವನಿಗೆ ಒಂದು ಮಾನವಾದರೆ ಊರೂರಿಗೆ ಮುಟ್ಟಿಸಿದವನಿಗೂ ಒಂದು ಮಾನವುಂಟು.

ಮುದ್ರಣದ ತೇದಿಯೊಡನೆ ಇಡಿಯಾಗಿ ಉಳಿದುಬಂದ ಅತಿ ಪ್ರಾಚೀನ ಪುಸ್ತಕವು 868ರ ವಜ್ರಚ್ಛೇದಿಕಾ ಸೂತ್ರವು. ಅದರ ಮೂಲವು ಭಾರತದ ಸಂಸ್ಕೃತ; ಚೀನೀ ಭಾಷೆಗೆ ತಂದವನು ಮಧ್ಯ ಏಷ್ಯದ ಕೂಚಾ ನಗರದ ಕುಮಾರಜೀವನು; ಅಚ್ಚುಮಾಡಿಸಿದವನು ಚೀನದ ವಾಂಗ್ ಜಿಯೆ; ಇಂದು ಇರುವದು ಲಂಡನ್ನಿನಲ್ಲಿ. ಈ ಕೀರ್ತಿಯನ್ನು ಯಾರು ಯಾರಿಗೆ ಎಷ್ಟೆಷ್ಟು ಹಂಚುವರು? ತನ್ನ ನಾಡೇ ಮೊದಲೆಂದು ವಾಂಗ್ ಜಿಯೆ ಬರೆಯಿಸಲಿಲ್ಲ. ತಂದೆತಾಯಿಗಳ ಪರವಾಗಿ, ಸರ್ವರಿಗೂ ಉಚಿತವಾಗಿ ಹಂಚಲೆಂದು ಮಾಡಿಸಿದೆನೆಂದಷ್ಟೇ ಕೊನೆಯಲ್ಲಿ ಬರೆಯಿಸಿದನು.

ಕನ್ನಡಿಗರೇ, ಪರರ ಈ ಕಲಹವನ್ನು ನೋಡಿ ನಗುವ ಅಧಿಕಾರವು ನಮಗುಂಟೇ? ಹಲ್ಮಿಡಿಯ ಶಾಸನವು 5ನೆಯ ಶತಮಾನದ್ದೆಂದು ನೆರೆಯ ಭಾಷೆಗಳವರೊಡನೆ ತೊಡೆ ತಟ್ಟುತ್ತೇವೆ. ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವು 2008ರಲ್ಲಿ ದೊರೆತುದಕ್ಕಾಗಿ ಹಿಗ್ಗುತ್ತೇವೆ. ಹಿಗ್ಗಬೇಕಾದುದೇ ಸರಿ. ಆದರೆ ಕವಿರಾಜಮಾರ್ಗವು 9ನೆಯ ಶತಮಾನದ್ದೆಂದು ಬಾಯಿಪಾಠ ಒಪ್ಪಿಸುವ ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಆ ಗ್ರಂಥದ ಪ್ರತಿಯುಂಟು? ಅದನ್ನು ತೆರೆದು ಓದಿದವರೆಷ್ಟು? ಓದಿ ಮಕ್ಕಳಿಗೆ ತಿಳಿಯಹೇಳಿದವರೆಷ್ಟು?

ಹಿರಿತನದ ವಾದಕ್ಕೆ ಸುರಿಯುವ ಹಣದಲ್ಲಿ ಒಂದು ಹಳಗನ್ನಡ ಗ್ರಂಥವನ್ನು ಸರಳ ಟೀಕೆಯೊಡನೆ ಅಚ್ಚುಹಾಕಿಸಿ ನಮ್ಮೂರ ಶಾಲೆಗೆ ಉಚಿತವಾಗಿ ಕೊಡೋಣ. ವಾಂಗ್ ಜಿಯೆ ಮಾಡಿದ್ದು ಇಷ್ಟೇ. ಸಾವಿರದ ನೂರೈವತ್ತು ವರ್ಷಗಳು ಕಳೆದರೂ ಆತನ ಹೆಸರು ಅಳಿದಿಲ್ಲ.